‘ಬಜೆಟ್ ಎಷ್ಟು?’ ಬಿಡಿ, ‘ಎಷ್ಟು ಗಂಟೆ?’ ಕೇಳಿ

ಭಾಗ 1/8: ಪ್ರಶ್ನೆಯೇ ತಪ್ಪು

ಡಿಎಂ ತೆಗೆದ್ರೆ ಸಾಕು, ಇದೇ ಪ್ರಶ್ನೆ. ‘ಗುರು, 2 ಸಾವಿರದೊಳಗೆ ಬೆಸ್ಟ್ ಹೆಡ್‌ಫೋನ್ ಯಾವುದು?’ ಇನ್ನೊಬ್ಬ 5 ಸಾವಿರ ಅಂತಾನೆ. ಮತ್ತೊಬ್ಬಳು ‘ಇಎಂಐ ಇದೆ, 30 ಸಾವಿರದ್ದೇ ಹೇಳು’ ಅಂತಾಳೆ. ‘ದಿನಕ್ಕೆ ನಾಲ್ಕು ಗಂಟೆ ಹಾಕ್ಕೋತೀನಿ, ಕನ್ನಡಕ ಇದೆ, ಬಸ್ಸಲ್ಲಿ ಓಡಾಡ್ತೀನಿ, ಯಾವುದು ಸರಿ ಹೋಗುತ್ತೆ?’ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಚಪ್ಪಲಿ ಅಂಗಡಿಗೆ ಹೋಗಿ, ಕಾಲಿನ ಅಳತೆ ಹೇಳದೆ, ‘800 ರೂಪಾಯಿಗೆ ಬೆಸ್ಟ್ ಚಪ್ಪಲಿ ಕೊಡಿ ಅಣ್ಣ’ ಅಂದ್ರೆ ಅಂಗಡಿಯವರು ನಮ್ಮ ಮುಖ ನೋಡ್ತಾರೆ. ಚಪ್ಪಲಿ ಕಚ್ಚಿದ್ರೆ ಎಷ್ಟೇ ದುಬಾರಿ ಆದ್ರೂ ಮೂಲೆಗೆ ಬೀಳುತ್ತೆ ಅಂತ ನಮ್ಮ ಅಜ್ಜಿಗೂ ಗೊತ್ತು. ಹೆಡ್‌ಫೋನ್ ವಿಷಯ ಬಂದ ಕೂಡಲೇ ಆ ಬುದ್ಧಿ ಎಲ್ಲಿ ಹೋಗುತ್ತೋ ಗೊತ್ತಿಲ್ಲ. ಅದೂ ಮೈಮೇಲೆ ಹಾಕ್ಕೊಳ್ಳೋ ವಸ್ತುವೇ ತಾನೇ?

ನಾನು ಬಿಕಾಂ ಓದ್ತಿರೋನು, ಆಡಿಯೋ ಎಂಜಿನಿಯರ್ ಅಲ್ಲ. ಆದ್ರೆ ಕೊಟ್ಟ ದುಡ್ಡಿಗೆ ಏನು ಬಂತು ಅಂತ ಲೆಕ್ಕ ಹಾಕೋದನ್ನ ನಮಗೆ ಮೂರು ವರ್ಷ ಕಲಿಸ್ತಾರೆ. ಆ ಲೆಕ್ಕವನ್ನೇ ಇಲ್ಲಿ ಹಾಕ್ತೀನಿ.

ನನ್ನ ವಾದ ಇಷ್ಟು: ಬೆಲೆ ಏರಿದ ಹಾಗೆ ಸೌಂಡ್ ಏರೋದು ಬಹಳ ಬೇಗ ನಿಂತುಹೋಗುತ್ತೆ. ಆಮೇಲೆ ನಾವು ಕೊಡೋ ದುಡ್ಡು ಬೇರೆ ಬೇರೆ ವಿಷಯಕ್ಕೆ ಹೋಗುತ್ತೆ. ಅದರಲ್ಲಿ ಕೆಲವು ನಮಗೆ ಬೇಕಾದದ್ದು, ಹಲವು ಬೇಡವಾದದ್ದು. ಕಿವಿಗೆ, ತಲೆಗೆ ಹಿತವಾಗಿ ಕೂರದ ಹೆಡ್‌ಫೋನ್ 300 ರೂಪಾಯಿಯದ್ದಾದರೂ 60 ಸಾವಿರದ್ದಾದರೂ ನಷ್ಟವೇ. ಹಾಗಾಗಿ ಮೊದಲು ಗಂಟೆ, ಆಮೇಲೆ ಹಿತ, ಕೊನೆಗೆ ದುಡ್ಡು. ನಾವೆಲ್ಲ ಇದನ್ನ ತಲೆಕೆಳಗೆ ಮಾಡ್ತಿದೀವಿ, ಮಾರೋರಿಗೆ ಬೇಕಾಗಿರೋದೂ ಅದೇ.

ಒಪ್ಪಲ್ಲ ಅನ್ನೋರು ಎಂಟನೇ ಭಾಗದವರೆಗೆ ತಡ್ಕೊಳ್ಳಿ. ಆಮೇಲೆ ಕಾಮೆಂಟಲ್ಲಿ ಜಗಳ ಆಡೋಣ.

—

ಭಾಗ 2/8: ದುಡ್ಡಿಗೂ ಸೌಂಡಿಗೂ ಏನು ಸಂಬಂಧ?

‘ಕಾಸಿಗೆ ತಕ್ಕ ಕಜ್ಜಾಯ’ ಅಂತ ಗಾದೆ. ಕಜ್ಜಾಯಕ್ಕೆ ಸರಿ. ಹೆಡ್‌ಫೋನಿಗೆ?

2017ರಲ್ಲಿ ಜೆರೂನ್ ಬ್ರೇಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆ ತಗೊಂಡು ಒಂದು ಲೇಖನ ಬರೆದ್ರು. ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಅದು ಬಂತು. ಅವರು ನೋಡಿದ್ದು ಫ್ರೀಕ್ವೆನ್ಸಿ ರೆಸ್ಪಾನ್ಸ್. ಅಂದ್ರೆ ಬೇಸ್ ಎಷ್ಟು, ಗಾಯಕರ ಧ್ವನಿ ಇರೋ ಮಧ್ಯದ ಭಾಗ ಎಷ್ಟು, ತಾಳದ ಝಣ ಝಣ ಎಷ್ಟು ಜೋರಾಗಿ ಬರುತ್ತೆ ಅನ್ನೋ ಗೆರೆ. ಒಂದು ಹೆಡ್‌ಫೋನ್ ಹೇಗೆ ಕೇಳಿಸುತ್ತೆ ಅನ್ನೋದರಲ್ಲಿ ದೊಡ್ಡ ಪಾಲು ಈ ಗೆರೆಯದ್ದೇ. ಇದಕ್ಕೂ ಅಂಗಡಿ ಬೆಲೆಗೂ ಸಂಬಂಧ ಸಿಗಲಿಲ್ಲ. ಲೇಖನದ ತಲೆಬರಹದಲ್ಲೇ ಆ ಮಾತಿದೆ.

ಇನ್ನೊಂದು ಕಡೆ ಹರ್ಮನ್ ಕಂಪನಿಯಲ್ಲಿ ಷಾನ್ ಆಲಿವ್ ಮತ್ತು ಅವರ ತಂಡದವರು ಜನಕ್ಕೆ ಯಾವ ತರದ ಸೌಂಡ್ ಇಷ್ಟ ಅಂತ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ರು. ಇದರಲ್ಲಿ ನನಗೆ ಹಿಡಿಸಿದ ವಿಷಯ ಒಂದಿದೆ. ಬ್ರ್ಯಾಂಡ್ ಹೆಸರು ಮುಚ್ಚಿಟ್ಟರೆ ಸಾಲದು, ತಲೆ ಮೇಲಿನ ತೂಕ, ಕಿವಿ ಹಿಡಿತ ಗೊತ್ತಾದ್ರೂ ಕೇಳುವವರ ತೀರ್ಪು ಬದಲಾಗಬಹುದು ಅಂತ, ಒಂದೇ ಹೆಡ್‌ಫೋನ್ ಹಾಕಿಸಿ, ಅದರಲ್ಲೇ ಬೇರೆ ಬೇರೆ ಹೆಡ್‌ಫೋನ್‌ಗಳ ಸೌಂಡ್ ಅನ್ನು ಅನುಕರಿಸಿ ಕೇಳಿಸಿದ್ರು. ನಾವು? ಡಬ್ಬಿ ನೋಡಿ, ಬೆಲೆ ನೋಡಿ, ಆಮೇಲೆ ‘ಆಹಾ, ಏನ್ ಕ್ಲಾರಿಟಿ ಮಗಾ’ ಅಂತೀವಿ.

ಆ ಸಂಶೋಧನೆಯಿಂದ ಹುಟ್ಟಿದ್ದೇ ಹರ್ಮನ್ ಕರ್ವ್. ಅದು ಬಚ್ಚಿಟ್ಟ ಗುಟ್ಟಲ್ಲ, ಪ್ರಕಟವಾಗಿರೋದು. ಚೀನಾದ ಸಣ್ಣ ಕಂಪನಿಗಳೂ ಅಂಥ ಗೆರೆಗಳನ್ನ ಮುಂದಿಟ್ಟುಕೊಂಡೇ ಅಗ್ಗದ ಇಯರ್‌ಫೋನ್ ಟ್ಯೂನ್ ಮಾಡ್ತಿವೆ. ಒಳ್ಳೆ ಸೌಂಡ್ ಈಗ ಶ್ರೀಮಂತರ ಮನೆ ಆಸ್ತಿ ಅಲ್ಲ.

ಹಾಗಂತ ದುಬಾರಿಯದೆಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಮೈಕ್, ಗಟ್ಟಿತನ, ಸದ್ದು ತಡೆಯೋ ತಂತ್ರಜ್ಞಾನ, ಇದ್ಯಾವುದೂ ಆ ಗೆರೆಯಲ್ಲಿ ಕಾಣಲ್ಲ. ಅದಕ್ಕೆ ಬರ್ತೀನಿ.

—

ಭಾಗ 3/8: 300ರಿಂದ 2 ಸಾವಿರ. ವೈರ್ ಅಂದ್ರೆ ನಾಚಿಕೆ ಯಾಕೆ?

ಕ್ಲಾಸಲ್ಲಿ ವೈರ್ ಇಯರ್‌ಫೋನ್ ತೆಗೆದ್ರೆ ‘ಇನ್ನೂ ವೈರಾ?’ ಅಂತ ನಗೋರು ಇದಾರಲ್ಲ, ಈ ಭಾಗ ಅವರಿಗೆ.

ಲೆಕ್ಕ ಸುಲಭ. 1,000 ರೂಪಾಯಿಯ ವೈರ್‌ಲೆಸ್ ಬಡ್ಸ್‌ನಲ್ಲಿ ಮೂರು ಬ್ಯಾಟರಿ (ಎರಡು ಬಡ್, ಒಂದು ಕೇಸ್), ಬ್ಲೂಟೂತ್ ಚಿಪ್, ಮೈಕ್‌ಗಳು, ಚಾರ್ಜಿಂಗ್ ಕೇಸ್ ಎಲ್ಲ ಸೇರಬೇಕು. ಇಷ್ಟೆಲ್ಲ ಕಳೆದು ಮಿಕ್ಕಿದ್ದರಲ್ಲಿ ಸೌಂಡ್ ಕೊಡೋ ಡ್ರೈವರ್ ಮತ್ತು ಅದನ್ನ ಟ್ಯೂನ್ ಮಾಡೋ ಖರ್ಚು. ಅದೇ 1,000ದ ವೈರ್ ಇಯರ್‌ಫೋನಲ್ಲಿ ದುಡ್ಡು ಹೋಗೋಕೆ ಬೇರೆ ದಾರಿಯೇ ಕಮ್ಮಿ. ಹಾಗಾಗಿ ಈ ಬಜೆಟ್‌ನಲ್ಲಿ ಸೌಂಡ್ ಮುಖ್ಯ ಅಂದ್ರೆ ವೈರ್‌ಗೇ ನನ್ನ ಓಟು. ಸುಮಾರು 2 ಸಾವಿರಕ್ಕೆ ಸಿಗೋ ಮೂನ್‌ಡ್ರಾಪ್ ಚು 2 ತರದ್ದರಲ್ಲಿ ಕೇಬಲ್ ಬಿಚ್ಚಿ ಬದಲಾಯಿಸಬಹುದು. ನಮ್ಮ ಇಯರ್‌ಫೋನ್ ಸಾಯೋದು ಬಹುಪಾಲು ಜ್ಯಾಕ್ ಹತ್ರ ವೈರ್ ಕಿತ್ತು ತಾನೇ? ಫೋನಲ್ಲಿ 3.5 ಎಂಎಂ ತೂತಿಲ್ಲ ಅಂದ್ರೆ ಟೈಪ್-ಸಿ ಕನ್ವರ್ಟರ್ ಇದೆ.

ವೈರ್‌ಲೆಸ್ ತಗೊಳ್ಳೋರು ತಗೊಳ್ಳಿ. ಓಡೋಕೆ, ಅಡುಗೆಮನೆಯಲ್ಲಿ ಅಮ್ಮಂಗೆ ಸಹಾಯ ಮಾಡ್ತಾ ಕೇಳೋಕೆ ಅದೇ ಅನುಕೂಲ. ಆದ್ರೆ ಡಬ್ಬಿ ಓದೋದು ಕಲೀರಿ:

‘ಇಎನ್‌ಸಿ’ ಅಂದ್ರೆ ನಿಮ್ಮ ಕಿವಿಗೆ ಸದ್ದು ಕಮ್ಮಿ ಆಗಲ್ಲ. ಕಾಲ್‌ನಲ್ಲಿ ಆ ಕಡೆ ಇರೋರಿಗೆ ನಿಮ್ಮ ಸುತ್ತಲಿನ ಗಲಾಟೆ ಕಮ್ಮಿ ಕೇಳಿಸುತ್ತೆ, ಅಷ್ಟೇ. ನಿಮ್ಮ ಕಿವಿಗೆ ಬೇಕಾದ್ದು ‘ಎಎನ್‌ಸಿ’. ಒಂದು ಅಕ್ಷರದ ವ್ಯತ್ಯಾಸ ನೋಡದೆ ದುಡ್ಡು ಕೊಟ್ಟೋರು ಎಷ್ಟು ಜನ!

‘13 ಎಂಎಂ ಡ್ರೈವರ್’ ಅಂದ್ರೆ ಗಾತ್ರ, ಗುಣ ಅಲ್ಲ. ತಟ್ಟೆ ದೊಡ್ಡದಾದ್ರೆ ಊಟ ರುಚಿ ಆಗಲ್ಲ.

‘40 ಗಂಟೆ ಬ್ಯಾಟರಿ’ ಅನ್ನೋದು ಬಡ್ಸ್‌ಗಾದ್ರೆ ಸಾಮಾನ್ಯವಾಗಿ ಕೇಸ್ ಸೇರಿಸಿದ ಲೆಕ್ಕ. ಒಂದೇ ಸಲಕ್ಕೆ ಎಷ್ಟು ಗಂಟೆ ಅಂತ ಹುಡುಕಿ.

ಎಂಆರ್‌ಪಿಗೆ ಗೀಟು ಹಾಕಿ ‘75% ಆಫ್’ ಅಂತ ಬರೆದಿರೋದು ರಿಯಾಯಿತಿ ಅಲ್ಲ. ವರ್ಷವಿಡೀ ಅದೇ ರೇಟಿಗೆ ಮಾರೋ ವಸ್ತುವಿನ ಬೆಲೆ ಅದೇ.

—

ಭಾಗ 4/8: 10 ರೂಪಾಯಿಯ ರಬ್ಬರ್, 10 ಸಾವಿರದ ವ್ಯತ್ಯಾಸ

ಡಬ್ಬಿಯೊಳಗೆ ಒಂದು ಪುಟ್ಟ ಕವರಲ್ಲಿ ಇನ್ನೆರಡು ಜೊತೆ ಸಿಲಿಕಾನ್ ಟಿಪ್ ಇರುತ್ತಲ್ಲ, ಸಣ್ಣದು ಮತ್ತು ದೊಡ್ಡದು? ಎಲ್ಲಿದೆ ಅಂತ ಈಗ ಹುಡುಕಿ ನೋಡೋಣ. ಸಿಗಲ್ಲ, ಡಬ್ಬಿ ಜೊತೆ ಗುಡಿಸಿ ಎಸೆದಿರ್ತೀರ.

ಕಿವಿಯೊಳಗೆ ಹೋಗೋ ಇಯರ್‌ಫೋನ್‌ನ ಬೇಸ್ ಪೂರ್ತಿ ಬರಬೇಕು ಅಂದ್ರೆ ಟಿಪ್ ಕಿವಿಯ ದಾರಿಯನ್ನ ಸರಿಯಾಗಿ ಮುಚ್ಚಬೇಕು. ಸ್ವಲ್ಪ ಸಂದು ಬಿಟ್ಟರೂ ಮೊದಲು ಸೋರಿ ಹೋಗೋದು ಬೇಸ್. ‘ಈ ಇಯರ್‌ಫೋನಲ್ಲಿ ದಮ್ ಇಲ್ಲ’ ಅಂತ ಬೈಯೋದಕ್ಕೆ ಮೊದಲು ದೊಡ್ಡ ಟಿಪ್ ಹಾಕಿ ನೋಡಿ. ಕೆಲವರ ಎಡಗಿವಿಗೂ ಬಲಗಿವಿಗೂ ಅಳತೆ ಬೇರೆ ಇರುತ್ತೆ, ಒಂದಕ್ಕೆ ಮೀಡಿಯಂ, ಇನ್ನೊಂದಕ್ಕೆ ಸಣ್ಣದು ಹಾಕಿದ್ರೆ ಯಾವ ಕಾನೂನೂ ಮುರಿಯಲ್ಲ. ಸಿಲಿಕಾನ್ ನೋವು ಅಂದ್ರೆ ಫೋಮ್ ಟಿಪ್ ಬರುತ್ತೆ. ಹಿಂಡಿ ಒಳಗಿಟ್ಟರೆ ಕಿವಿಯ ಆಕಾರಕ್ಕೆ ಅರಳಿಕೊಳ್ಳುತ್ತೆ.

ಇದು ಬರೀ ಸೌಂಡಿನ ಮಾತಲ್ಲ. ತುಮಕೂರಿಂದ ಬೆಂಗಳೂರಿಗೆ ದಿನಾ ಓಡಾಡೋ ಸೀನಿಯರ್‌ಗಳನ್ನ ನೋಡ್ತೀನಿ. ಟಿಪ್ ಇಲ್ಲದ, ಅರ್ಧ ಮಾತ್ರ ಕಿವಿಯಲ್ಲಿ ಕೂರೋ ಬಡ್ಸ್ ಹಾಕ್ಕೊಂಡು ಬಸ್ ಹತ್ತುತಾರೆ. ಅದು ಹೊರಗಿನ ಸದ್ದನ್ನ ತಡೆಯೋದೇ ಇಲ್ಲ. ಇಂಜಿನ್ ಗರ್ ಅಂದ ಹಾಗೆ ಇವರು ವಾಲ್ಯೂಮ್ ಏರಿಸ್ತಾ ಹೋಗ್ತಾರೆ. ರೂಮಲ್ಲಿ ಕೂತು ಕೇಳೋಕೆ ಅದೇ ಬಡ್ಸ್ ಎಷ್ಟು ಹಿತ! ಬಸ್ಸಿಗೆ ಅದು ತಪ್ಪು ವಸ್ತು. ಬೆಲೆ 900 ಇರಲಿ, ಹತ್ತಾರು ಸಾವಿರ ಇರಲಿ.

ಒಂದು ಎಚ್ಚರ: ಚೆನ್ನಾಗಿ ಮುಚ್ಚೋ ಟಿಪ್ ಹಾಕಿದ್ರೆ ಹಾರ್ನ್ ಕೂಡ ಕೇಳಲ್ಲ. ರಸ್ತೆ ದಾಟೋವಾಗ, ಗಾಡಿ ಓಡಿಸೋವಾಗ ತೆಗೆದು ಜೇಬಿಗೆ ಹಾಕಿ. ಇದರಲ್ಲಿ ವಾದ ಬೇಡ.

—

ಭಾಗ 5/8: ತಲೆ ಮೇಲೆ ಎಷ್ಟು ಗ್ರಾಂ?

ಈಗ ತಲೆ ಮೇಲೆ ಕೂರೋವುಗಳಿಗೆ ಬರೋಣ. ರಿವ್ಯೂ ವಿಡಿಯೋಗಳಲ್ಲಿ ಸೌಂಡ್ ಬಗ್ಗೆ ಎಂಟು ನಿಮಿಷ, ಹಿತದ ಬಗ್ಗೆ ಎಂಟು ಸೆಕೆಂಡ್. ‘ಕಂಫರ್ಟ್ ಕೂಡ ಚೆನ್ನಾಗಿದೆ ಫ್ರೆಂಡ್ಸ್’ ಅಂದು ಮುಗಿಸ್ತಾರೆ. ಯಾರ ತಲೆಗೆ? ಎಷ್ಟು ಹೊತ್ತು?

ಬೆಲೆ ಏಣಿ ಹತ್ತುತಾ ತೂಕ ನೋಡಿ. ಸುಮಾರು 4-5 ಸಾವಿರಕ್ಕೆ ಸಿಗೋ ಸೋನಿ ಸಿಎಚ್520: 147 ಗ್ರಾಂ. ಅದರ ಮೇಲಿನ ಸಿಎಚ್720ಎನ್: 192 ಗ್ರಾಂ. 30 ಸಾವಿರದ ಆಸುಪಾಸಿನ ಡಬ್ಲ್ಯುಎಚ್-1000ಎಕ್ಸ್‌ಎಂ5: 250 ಗ್ರಾಂ. 2020ರಲ್ಲಿ 59,900 ರೂಪಾಯಿಗೆ ಬಂದ ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್: ಸುಮಾರು 385 ಗ್ರಾಂ. ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್‌ನ ಮುಕ್ಕಾಲು ಭಾಗ ತಲೆ ಮೇಲೆ ಇಟ್ಕೊಂಡ ಹಾಗೆ. ದುಡ್ಡು ಜಾಸ್ತಿ ಕೊಟ್ಟರೆ ಹಿತ ತಾನಾಗೇ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳು ಅನ್ನೋಕೆ ಒಂದು ತಕ್ಕಡಿ ಸಾಕು.

ಹಾಗಂತ ಹಗುರ ಇದ್ದರೆ ಗೆದ್ದ ಹಾಗೂ ಅಲ್ಲ. ಸಿಎಚ್520 ಕಿವಿಯ ಮೇಲೆ ಕೂರೋ ತರದ್ದು. ಮೆತ್ತೆ ನೇರವಾಗಿ ಕಿವಿಯ ಹಾಲೆಯನ್ನ ಒತ್ತುತ್ತೆ. ಉಳಿದ ಮೂರು ಕಿವಿಯ ಸುತ್ತ ಕೂರ್ತವೆ, ಒತ್ತಡ ತಲೆಬುರುಡೆಗೆ ಹಂಚಿಹೋಗುತ್ತೆ. ಓಲೆ, ಝುಮುಕಿ ಹಾಕೋರಿಗೆ, ಕನ್ನಡಕದವರಿಗೆ ಈ ಒಂದು ವ್ಯತ್ಯಾಸ ಎಲ್ಲ ರಿವ್ಯೂಗಳಿಗಿಂತ ದೊಡ್ಡದು. ಕನ್ನಡಕದ ಕಡ್ಡಿ ಮೆತ್ತೆಯನ್ನ ಸ್ವಲ್ಪ ಎತ್ತಿದರೂ ಅಲ್ಲಿಂದ ಬೇಸ್ ಸೋರುತ್ತೆ, ಸದ್ದು ಒಳಗೆ ಬರುತ್ತೆ.

ಇನ್ನು ನಮ್ಮ ಸೆಖೆ. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆಯ ಹಾಸ್ಟೆಲ್ ರೂಮಲ್ಲಿ, ಇಲ್ಲಾ ಮಂಗಳೂರಿನ ಬೆವರಲ್ಲಿ, ರೆಕ್ಸಿನ್ ತರದ ಮೆತ್ತೆ ಕಿವಿಗೆ ಮುಚ್ಕೊಂಡು ಎರಡು ಗಂಟೆ ಕೂತು ನೋಡಿ. ಕಿವಿ ಬೆಂದ ಇಡ್ಲಿ ಆಗುತ್ತೆ. ಅದೇ ಬೆವರಿಗೆ ಆ ಮೆತ್ತೆಯ ಮೇಲ್ಪದರ ಸಿಪ್ಪೆ ಎದ್ದು ಕೆನ್ನೆಗೆಲ್ಲ ಕರಿ ಚೂರು ಅಂಟುತ್ತೆ. ಚಳಿ ದೇಶದ ರಿವ್ಯೂಗಳಲ್ಲಿ ಇದು ಬರಲ್ಲ. ಮೆತ್ತೆ ಬದಲಾಯಿಸೋಕೆ ಆಗುತ್ತಾ, ಬಿಡಿಭಾಗ ಸಿಗುತ್ತಾ ಅಂತ ಮೊದಲೇ ಕೇಳಿ.

—

ಭಾಗ 6/8: ದುಬಾರಿಯದಕ್ಕೂ ನ್ಯಾಯ ಕೊಡೋಣ

10 ಸಾವಿರದ ಮೇಲೆ ಕೊಡೋ ದುಡ್ಡಲ್ಲಿ ನಿಜಕ್ಕೂ ಸಿಗೋದು ಏನು? ಮುಖ್ಯವಾಗಿ ಮೌನ.

ಅಮರ್ ಬೋಸ್ ಅನ್ನೋರು 1978ರಲ್ಲಿ ವಿಮಾನದಲ್ಲಿ ಹೋಗ್ತಾ, ಇಂಜಿನ್ ಸದ್ದಲ್ಲಿ ಹೆಡ್‌ಫೋನಲ್ಲಿ ಏನೂ ಕೇಳ್ತಿಲ್ಲ ಅಂತ ತಲೆಕೆಡಿಸಿಕೊಂಡ್ರು. ಅವರ ಅಪ್ಪ ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರು. ಹೊರಗಿನ ಸದ್ದನ್ನ ಮೈಕ್‌ನಲ್ಲಿ ಹಿಡಿದು, ಅದರ ತಲೆಕೆಳಗಾದ ಅಲೆಯನ್ನ ಕಿವಿಗೆ ಬಿಟ್ಟರೆ ಎರಡೂ ಸೇರಿ ರದ್ದಾಗುತ್ತೆ, ಇದೇ ಎಎನ್‌ಸಿ. 1989ರಲ್ಲಿ ಬೋಸ್ ಕಂಪನಿ ಪೈಲಟ್‌ಗಳಿಗೆ ಅಂಥ ಹೆಡ್‌ಸೆಟ್ ಮಾರೋಕೆ ಶುರು ಮಾಡ್ತು. 2000ದಲ್ಲಿ ಕ್ವೈಟ್‌ಕಂಫರ್ಟ್ ಬಂತು. ಹೆಸರು ನೋಡಿ: ಮೌನ ಮತ್ತು ಹಿತ. ಸೌಂಡ್ ಅನ್ನೋ ಪದವೇ ಅದರಲ್ಲಿಲ್ಲ!

ಬಸ್, ರೈಲು, ಫ್ಯಾನ್, ಜನರೇಟರ್‌ನ ಒಂದೇ ಸಮನೆ ಬರೋ ದಪ್ಪ ಗುಂಯ್ ಸದ್ದಿಗೆ ಎಎನ್‌ಸಿ ಅದ್ಭುತ. ಹಾಸ್ಟೆಲ್‌ನಲ್ಲಿ ರೂಮ್‌ಮೇಟ್ ಫೋನಲ್ಲಿ ಮಾತಾಡೋದನ್ನ ಅದು ಪೂರ್ತಿ ಅಳಿಸಲ್ಲ. ಮಾತಿನ ಸದ್ದಿಗೆ ಒಳ್ಳೆ ಮೆತ್ತೆ, ಒಳ್ಳೆ ಟಿಪ್ ಮಾಡೋ ಕೆಲಸವೇ ಹೆಚ್ಚು. ದಿನಾ ಮೂರು ಗಂಟೆ ಪ್ರಯಾಣ ಮಾಡೋರಿಗೆ ಎಎನ್‌ಸಿ ಕೊಟ್ಟ ದುಡ್ಡಿಗೆ ಬೆಲೆ ಕೊಡುತ್ತೆ. ಕಾಲೇಜಿಗೆ ಹತ್ತು ನಿಮಿಷ ನಡೆದು ಬರೋನು ಅದಕ್ಕೆ 30 ಸಾವಿರ ಕೊಟ್ಟರೆ, ಅವನು ಕೊಂಡಿದ್ದು ಲೋಗೋ.

ಇನ್ನೊಂದು ಒಳ್ಳೆ ಕಾರಣ ಬಾಳಿಕೆ. ಸೆನ್‌ಹೈಸರ್ ಎಚ್‌ಡಿ 600 ಬಂದಿದ್ದು 1997ರಲ್ಲಿ. ನಾನು ಹುಟ್ಟೋಕೆ ಮುಂಚೆ! ಅದನ್ನ ಇನ್ನೂ ಜನ ಕೊಳ್ತಾರೆ. ಬ್ಯಾಟರಿ ಇಲ್ಲ, ಬ್ಲೂಟೂತ್ ಇಲ್ಲ, ಮೆತ್ತೆ, ಕೇಬಲ್ ಎಲ್ಲ ಬದಲಾಯಿಸಬಹುದು. ಆದ್ರೆ ಅದು ಹಿಂಬದಿ ತೆರೆದಿರೋ ತರದ್ದು. ನೀವು ಕೇಳೋ ಹಾಡು ಪಕ್ಕದವರಿಗೂ ಕೇಳುತ್ತೆ, ಹೊರಗಿನ ಸದ್ದೆಲ್ಲ ಒಳಗೆ ಬರುತ್ತೆ. ಮನೆಯಲ್ಲಿ ಕೂತು ಕೇಳೋರಿಗೆ ಸಂಗಾತಿ, ಬಸ್ಸಲ್ಲಿ ಹೋಗೋರಿಗೆ ದಂಡ. ಮತ್ತೆ ಅದೇ ಮಾತು: ಎಲ್ಲಿ, ಎಷ್ಟು ಗಂಟೆ?

—

ಭಾಗ 7/8: ಬಿಕಾಂ ಲೆಕ್ಕ

ಪುಸ್ತಕ ತೆಗೀರಿ. ಸವಕಳಿ, ಸ್ಥಿರ ಕಂತಿನ ವಿಧಾನ. ಬಾಳಿಕೆ ಎಷ್ಟು ಅನ್ನೋದು ನನ್ನ ಊಹೆ, ನಿಮ್ಮ ಅಂಕಿ ಹಾಕ್ಕೊಳ್ಳಿ. ಗುಜರಿ ಬೆಲೆ ಸೊನ್ನೆ. ದಿನಕ್ಕೆ 4 ಗಂಟೆ, ವರ್ಷಕ್ಕೆ 300 ದಿನ, ಒಟ್ಟು 1,200 ಗಂಟೆ.

2,000 ರೂಪಾಯಿಯ ವೈರ್ ಇಯರ್‌ಫೋನ್, 3 ವರ್ಷ: ವರ್ಷಕ್ಕೆ 667 ರೂಪಾಯಿ. ಗಂಟೆಗೆ ಸುಮಾರು 55 ಪೈಸೆ.

1,500 ರೂಪಾಯಿಯ ಬಡ್ಸ್, ಒಂದೂವರೆ ವರ್ಷಕ್ಕೆ ಬ್ಯಾಟರಿ ಢಮಾರ್: ವರ್ಷಕ್ಕೆ 1,000. ಗಂಟೆಗೆ ಸುಮಾರು 83 ಪೈಸೆ.

30,000ದ ಹೆಡ್‌ಫೋನ್, 5 ವರ್ಷ: ವರ್ಷಕ್ಕೆ 6,000. ಗಂಟೆಗೆ 5 ರೂಪಾಯಿ.

ಈಗ ಆ 30 ಸಾವಿರದ್ದು ತಲೆ ನೋಯಿಸುತ್ತೆ, ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಾಕೋಕೆ ಆಗ್ತಿಲ್ಲ ಅಂದ್ಕೊಳ್ಳಿ. ವರ್ಷಕ್ಕೆ 150 ಗಂಟೆ. ಗಂಟೆಗೆ 40 ರೂಪಾಯಿ! ಬೆಲೆ ಬದಲಾಗಿಲ್ಲ, ಸೌಂಡ್ ಬದಲಾಗಿಲ್ಲ. ಹಿತ ಹೋಯ್ತು, ಖರ್ಚು ಎಂಟು ಪಟ್ಟು ಆಯ್ತು. ಹಿತವನ್ನ ಕೊನೇ ಸಾಲಲ್ಲಿ ಹೇಳೋ ರಿವ್ಯೂಗಳನ್ನ ನಾನು ನಂಬದೇ ಇರೋದು ಇದಕ್ಕೇ.

‘ನೋ ಕಾಸ್ಟ್ ಇಎಂಐ’ ಬಗ್ಗೆ ಒಂದು ಮಾತು. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಬಡ್ಡಿ ಎಲ್ಲೋ ಇರುತ್ತೆ, ಪ್ರೊಸೆಸಿಂಗ್ ಶುಲ್ಕದಲ್ಲಿ ಇಲ್ಲಾ ನಗದು ಕೊಟ್ಟಿದ್ದರೆ ಸಿಗ್ತಿದ್ದ ರಿಯಾಯಿತಿಯಲ್ಲಿ. ಇಪ್ಪತ್ತು ವರ್ಷಕ್ಕೆ, ಅಪ್ಪನ ಕಾರ್ಡ್ ಮೇಲೆ, ಪಕ್ಕದ ಬೆಂಚಿನವಳು ನಗಬಾರದು ಅಂತ ಸಾಲ ಮಾಡೋದು ನನಗೆ ಸಂಗೀತಪ್ರೇಮ ಅನ್ನಿಸಲ್ಲ.

ಕೊನೆಗೆ ಯಾವ ಬಿಲ್ಲಲ್ಲೂ ಬರದ ಖರ್ಚು, ಕಿವಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಸುರಕ್ಷಿತ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. 90 ಡೆಸಿಬೆಲ್‌ಗೆ ಹೋದ್ರೆ ಬರೀ 4 ಗಂಟೆ. ಹತ್ತೇ ಡೆಸಿಬೆಲ್‌ಗೆ ಸಮಯ ಹತ್ತನೇ ಒಂದು ಭಾಗ ಆಗುತ್ತೆ. ಬಸ್ಸಲ್ಲಿ ಸರಿಯಾಗಿ ಕೂರದ ಬಡ್ಸ್ ಹಾಕಿ ವಾಲ್ಯೂಮ್ ಫುಲ್ ಇಟ್ಟೋರು ಈ 4 ಗಂಟೆಯನ್ನ ಮಂಗಳವಾರಕ್ಕೇ ಮುಗಿಸಿರಬಹುದು. ಮೆತ್ತೆ ಹೋದ್ರೆ ಹೊಸದು ಬರುತ್ತೆ. ಒಳಗಿವಿಯ ಕೂದಲುಕೋಶ ಸತ್ತರೆ ಮತ್ತೆ ಹುಟ್ಟಲ್ಲ. ಅದಕ್ಕೆ ಇಎಂಐ ಇಲ್ಲ.

—

ಭಾಗ 8/8: ಹಾಗಾದ್ರೆ ಏನ್ ಮಾಡ್ಬೇಕು?

ಮುಂದಿನ ಸಲ ಕೊಳ್ಳೋಕೆ ಮುಂಚೆ ಈ ಪರೀಕ್ಷೆ ಮಾಡಿ. ಫ್ರೆಂಡ್ಸ್ ಹತ್ರ ಇರೋ ಬೇರೆ ಬೇರೆ ಬೆಲೆಯ ಮೂರು ಹೆಡ್‌ಫೋನ್ ಸೇರಿಸಿ. ನಿಮಗೆ ಬಾಯಿಪಾಠ ಆಗಿರೋ ಒಂದು ಹಾಡು ತಗೊಳ್ಳಿ. ಕಣ್ಣಿಗೆ ಬಟ್ಟೆ ಕಟ್ಟಿ. ಮೂರರ ಸದ್ದೂ ಕಿವಿಗೆ ಒಂದೇ ಮಟ್ಟ ಬರೋ ಹಾಗೆ ವಾಲ್ಯೂಮ್ ಹೊಂದಿಸಿ. ಇದು ಮುಖ್ಯ, ಯಾಕಂದ್ರೆ ಸ್ವಲ್ಪ ಜೋರಾಗಿರೋದು ಯಾವಾಗಲೂ ‘ಚೆನ್ನಾಗಿದೆ’ ಅನ್ನಿಸುತ್ತೆ. ಬೇರೆಯವರು ಹಾಕಿ ತೆಗೀಲಿ. ಯಾವುದು ದುಬಾರಿ ಅಂತ ಹೇಳಿ ನೋಡೋಣ.

ಅದು ಸೌಂಡ್. ಆಮೇಲೆ ಹಿತಕ್ಕೆ: ಇಷ್ಟವಾದದ್ದನ್ನ 40 ನಿಮಿಷ, ಒಂದು ಪೂರ್ತಿ ಪೀರಿಯಡ್, ಹಾಕ್ಕೊಂಡು ಕೂತ್ಕೊಳ್ಳಿ. ಕನ್ನಡಕ ಇದ್ದರೆ ಕನ್ನಡಕ ಸಮೇತ, ಓಲೆ ಇದ್ದರೆ ಓಲೆ ಸಮೇತ, ಫ್ಯಾನ್ ಆಫ್. ಅಂಗಡಿಯ ಏಸಿಯಲ್ಲಿ ಎರಡು ನಿಮಿಷ ಹಾಕಿ ನೋಡಿದ್ದು ಲೆಕ್ಕಕ್ಕಿಲ್ಲ. ಎಷ್ಟನೇ ನಿಮಿಷಕ್ಕೆ ಕೈ ತಾನಾಗೇ ಮೇಲೆ ಹೋಗಿ ಸರಿ ಮಾಡ್ಕೊಳ್ತು ಅಂತ ಬರೆದಿಟ್ಟುಕೊಳ್ಳಿ. ಆ ನಿಮಿಷವೇ ನಿಜವಾದ ರೇಟಿಂಗ್.

ನನ್ನನ್ನ ಕೇಳೋದಾದ್ರೆ:
ರೂಮು, ಓದು, ಎಡಿಟಿಂಗ್: ವೈರ್ ಇರೋದು, 2 ಸಾವಿರ ಸಾಕು.
ಓಡಾಟ, ಕಾಲ್: ಟಿಪ್ ಸರಿಯಾಗಿ ಕೂರೋ ಬಡ್ಸ್.
ದಿನಾ ದೂರದ ಬಸ್ಸು, ರೈಲು: ಎಎನ್‌ಸಿಗೆ ದುಡ್ಡು ಕೂಡಿಸಿ, ಸಾಲ ಬೇಡ.
ಅದಕ್ಕೂ ಮೇಲೆ: ನೀವೇ ದುಡಿದಾಗ, ನಿಮ್ಮ ತಲೆ ಮೇಲೆ ಇಟ್ಟು ನೋಡಿದ ಮೇಲೆ.

ಇಎಂಐನಲ್ಲಿ ತಗೊಂಡೋರನ್ನ ಆಡಿಕೊಳ್ಳೋದು ನನ್ನ ಉದ್ದೇಶ ಅಲ್ಲ, ವೈರ್ ಹಾಕ್ಕೊಂಡೋರನ್ನ ನೋಡಿ ನಗೋದು ನಿಲ್ಲಲಿ ಅನ್ನೋದು ಉದ್ದೇಶ. 400 ರೂಪಾಯಿ ಇಯರ್‌ಫೋನಲ್ಲಿ ಕಣ್ಣು ಮುಚ್ಚಿ ಹಾಡು ಕೇಳ್ತಿರೋ ಹುಡುಗಿಗೆ, ಕುತ್ತಿಗೆಗೆ ನೇತುಹಾಕ್ಕೊಂಡು ಕಾರಿಡಾರಲ್ಲಿ ಓಡಾಡೋ ಹುಡುಗನಿಗಿಂತ ಸಂಗೀತ ಜಾಸ್ತಿ ಸಿಗ್ತಿದೆ. ಹೆಡ್‌ಫೋನ್ ಇರೋದು ಕಿವಿಗೆ ಕಣ್ರೋ, ಕುತ್ತಿಗೆಗಲ್ಲ.

ಕಾಮೆಂಟಲ್ಲಿ ಬಜೆಟ್ ಬರೀಬೇಡಿ. ದಿನಕ್ಕೆ ಎಷ್ಟು ಗಂಟೆ, ಎಲ್ಲಿ, ಕನ್ನಡಕ ಇದೆಯಾ ಅಂತ ಬರೀರಿ. ಉತ್ತರ ಕೊಡ್ತೀನಿ. ಬರೀ ‘2 ಸಾವಿರದೊಳಗೆ ಬೆಸ್ಟ್ ಯಾವುದು’ ಅಂದೋರಿಗೆ ಈ ಎಂಟೂ ಭಾಗ ಮತ್ತೆ ಕಳಿಸ್ತೀನಿ, ನೋಡ್ಕೊಳ್ಳಿ.

ಸೇವ್ ಮಾಡಿ. ಇಎಂಐ ಬಟನ್ ಮೇಲೆ ಬೆರಳಿಟ್ಟಿರೋ ಫ್ರೆಂಡ್‌ಗೆ ಈಗಲೇ ಶೇರ್ ಮಾಡಿ.

#ಹೆಡ್‌ಫೋನ್ #ಎಷ್ಟುಗಂಟೆ #ಬಿಕಾಂಲೆಕ್ಕ #ವೈರ್‌ಗೆಜೈ